ಬಿಸಿನೀರಿಗೆ ಬಗ್ಗದ ಬೂಷ್ಟು: ಡಿಶ್‌ವಾಷರ್ ರಬ್ಬರಿನ ಪ್ರಕರಣ

ಡಿಶ್‌ವಾಷರಿನ ಬಾಗಿಲನ್ನು ಪೂರ್ತಿ ಕೆಳಗಿಳಿಸಿ, ಪೆಟ್ಟಿಗೆಯ ಬಾಯಿ ಸುತ್ತ ಕೂರಿಸಿದ ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಯನ್ನು ಹೆಬ್ಬೆರಳಿನಿಂದ ಅಗಲಿಸಿ. ಬಿಳಿ ಟಿಶ್ಯೂ ಒಂದನ್ನು ತೋರುಬೆರಳಿಗೆ ಸುತ್ತಿಕೊಂಡು ಮಡಿಕೆಯೊಳಗೆ ಒಂದು ಗೇಣು ಎಳೆಯಿರಿ. ಹಳದಿ ಜಿಡ್ಡು ಹತ್ತಿದರೆ ಅದು ಅಡುಗೆ ಎಣ್ಣೆ. ಬೆಳಕಿಗೆ ಹಿಡಿದರೆ ಟಿಶ್ಯೂ ಆ ಜಾಗದಲ್ಲಿ ಎಣ್ಣೆಕಾಗದದಂತೆ ಕಾಣುತ್ತದೆ. ಕಾಡಿಗೆಯಂತೆ ಮೆತ್ತುವ, ಹಸಿರು ಬೆರೆತ ಕಪ್ಪು ಲೋಳೆ ಹತ್ತಿತೆಂದರೆ ಅಲ್ಲೊಂದು ಶಿಲೀಂಧ್ರ ಮನೆ ಮಾಡಿದೆ. ಯಾವ ಜಾತಿಯದೆಂದು ಬಣ್ಣ ನೋಡಿ ಹೇಳಲಾಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಈ ಜಾಗದಲ್ಲಿ, ಈ ಬಣ್ಣದಲ್ಲಿ ಮೊದಲು ಅನುಮಾನಿಸಬೇಕಾದ ಹೆಸರು ಎಕ್ಸೋಫಿಯಾಲಾ ಡರ್ಮಟೈಟಿಡಿಸ್. ಗ್ಯಾಸ್ಕೆಟ್ ಸ್ವತಃ ಕಪ್ಪು ಇಲ್ಲವೇ ಬೂದು ಬಣ್ಣದ್ದಾದ್ದರಿಂದ ಟಿಶ್ಯೂ ಎಳೆಯದೆ ಇದು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಸ್ಲೊವೇನಿಯಾದ ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ ನೀನಾ ಗುಂಡೆ-ಸಿಮೆರ್ಮನ್ ಮತ್ತು ಪೊಲೊನಾ ಜಾಲರ್ ಅವರ ತಂಡ. ಗುಂಡೆ-ಸಿಮೆರ್ಮನ್ ಹೆಸರು ಮಾಡಿದ್ದು ಅಡುಗೆಮನೆಯ ಸಂಶೋಧನೆಯಿಂದಲ್ಲ. ಏಡ್ರಿಯಾಟಿಕ್ ತೀರದ ಉಪ್ಪಿನ ಮಡಿಗಳಲ್ಲಿ, ಹಿಮದಲ್ಲಿ ಬದುಕುವ ಕಪ್ಪು ಶಿಲೀಂಧ್ರಗಳನ್ನು ಹುಡುಕಿದ್ದರಿಂದ. ಉಪ್ಪು, ಬಿಸಿ, ಕ್ಷಾರ ಮೂರೂ ಒಂದೇ ಕಡೆ ಸಿಗುವ ಜಾಗ ಮನೆಯೊಳಗೇ ಇದೆ ಎಂದು ಹೊಳೆಯುವುದು ಅಂಥವರಿಗೇ. 2011ರಲ್ಲಿ ಪ್ರಕಟವಾದ ಅವರ ಸಮೀಕ್ಷೆ 18 ದೇಶಗಳ 101 ಊರುಗಳಿಂದ 189 ಮನೆಯಂತ್ರಗಳ ರಬ್ಬರನ್ನು ಪರೀಕ್ಷಿಸಿತು. ಶೇ 62ರಲ್ಲಿ ಶಿಲೀಂಧ್ರ ಸಿಕ್ಕಿತು. ಹಾಗೆ ಸಿಕ್ಕವುಗಳ ಪೈಕಿ ಶೇ 56ರಲ್ಲಿ ಎಕ್ಸೋಫಿಯಾಲಾ. ಒಟ್ಟು ಯಂತ್ರಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು.

ಎರಡನೇ ಸುತ್ತು 2016ರದು, ಹೆಚ್ಚು ಉಪಯುಕ್ತವಾದದ್ದೂ ಅದೇ. ಈ ಸಲ ಯಂತ್ರಗಳು 30 ಮಾತ್ರ, ಆದರೆ ಪ್ರತಿಯೊಂದರಲ್ಲೂ ಒಂಬತ್ತು ಜಾಗ ಒರೆಸಿ ನೋಡಿದರು. ಒಟ್ಟು 503 ಶಿಲೀಂಧ್ರ ತಳಿಗಳು ಬೆಳೆದವು. ಶೇ 83 ಯಂತ್ರಗಳಲ್ಲಿ ಏನಾದರೊಂದು ಶಿಲೀಂಧ್ರ, ಶೇ 47ರಲ್ಲಿ ಎಕ್ಸೋಫಿಯಾಲಾ ಡರ್ಮಟೈಟಿಡಿಸ್. ಅದರ ಮುಖ್ಯ ಠಿಕಾಣಿ ರಬ್ಬರ್ ಗ್ಯಾಸ್ಕೆಟ್: ಚದರ ಸೆಂಟಿಮೀಟರಿಗೆ, ಅಂದರೆ ಕಿರುಬೆರಳ ಉಗುರಿನಷ್ಟು ಜಾಗದಲ್ಲಿ, 10 ಲಕ್ಷದವರೆಗೆ ಜೀವಂತ ಕಣಗಳು. ನಂತರದ ಸ್ಥಾನ ಪಕ್ಕದ ನೀರುಬಾಯಿ, ಬಾಗಿಲ ಒಳಮೈ, ತಳದ ಚರಂಡಿಗಳದ್ದು. ತೊಳೆದ ಪಾತ್ರೆಗಳ ಮೇಲೆ ಎಕ್ಸೋಫಿಯಾಲಾ ಸಿಗಲಿಲ್ಲ. ಅಲ್ಲಿ ಸಿಕ್ಕಿದ್ದು ಫ್ಯುಸೇರಿಯಂ ಡೈಮೆರಮ್ ಎಂಬ ಬೇರೊಂದು ಶಿಲೀಂಧ್ರ ಮಾತ್ರ. ಈ ವಾಕ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಹರಡುವವರು ಬಹಳ. ಎಕ್ಸೋಫಿಯಾಲಾ ತಟ್ಟೆ ಲೋಟದ ಮೇಲಿರಲಿಲ್ಲ, ಕೂತಿದ್ದು ಯಂತ್ರದ ಅಂಚಿನಲ್ಲಿ.

ಅಷ್ಟು ಬಿಸಿಯಲ್ಲಿ ಹೇಗೆ?

"ಎಪ್ಪತ್ತು ಡಿಗ್ರಿ ನೀರಲ್ಲಿ ಏನು ಉಳಿಯುತ್ತೆ?" ಎನ್ನುವುದು ಎಲ್ಲರ ಪ್ರಶ್ನೆ. ಫಲಕದಲ್ಲಿ ತೋರಿಸುವ 70 ತೊಟ್ಟಿಯೊಳಗೆ ಚಿಮ್ಮುವ ನೀರಿನ ತಾಪ. ಗ್ಯಾಸ್ಕೆಟ್ ಆ ಚಿಮ್ಮಿನ ದಾರಿಯಲ್ಲಿಲ್ಲ. ಒಂದು ಮೈ ಹೊರಗಿನ ತಗಡಿಗೆ ಒರಗಿದ್ದು, ಮಡಿಕೆಯೊಳಗೆ ನೀರು ಜಿನುಗುತ್ತದೆಯೇ ಹೊರತು ರಭಸದಿಂದ ಹೊಡೆಯುವುದಿಲ್ಲ. ಮೇಲಾಗಿ ದಿನನಿತ್ಯ ಹಾಕುವುದು ಇಕೋ ಪ್ರೋಗ್ರಾಂ, ಅದು 45ರಿಂದ 50ರ ಆಸುಪಾಸು. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟಿಗೆ ಹೋಲಿಸಿ ನೋಡಿ: ಅದಕ್ಕೆ ಪ್ರತಿ ಸಲ 120 ಡಿಗ್ರಿ ಹತ್ತಿರದ ಹಬೆ, ಆಮೇಲೆ ಬಿಚ್ಚಿ ತೊಳೆದು ಒಣಹಾಕುತ್ತೇವೆ. ಡಿಶ್‌ವಾಷರಿನ ಗ್ಯಾಸ್ಕೆಟ್ಟನ್ನು ಯಂತ್ರ ಬಂದ ದಿನದಿಂದ ಯಾರೂ ಮುಟ್ಟಿರುವುದಿಲ್ಲ.

ಇನ್ನು ಒಂದು ಸುತ್ತಿನಲ್ಲಿ ಆ ರಬ್ಬರಿಗೆ ಏನೇನು ತಗಲುತ್ತದೆಂದು ಜೋಡಿಸಿ ನೋಡೋಣ. ಮೊದಲು ತಣ್ಣೀರು. ಆಮೇಲೆ ಸೋಡಾ ತುಂಬಿದ ಡಿಟರ್ಜೆಂಟಿನ ತೀಕ್ಷ್ಣ ಕ್ಷಾರ. ಕೊನೆಯ ಜಾಲಾಟದಲ್ಲಿ ರಿನ್ಸ್ ಏಡ್‌ನ ಹುಳಿ. ನೀರನ್ನು ಮೆದುಮಾಡುವ ರಾಳವನ್ನು ತೊಳೆಯುವಾಗ ಉಪ್ಪುನೀರು. ಒಣಗಿಸುವಾಗ ಬಿಸಿಗಾಳಿ, ಅದಾದ ಮೇಲೆ ಮುಚ್ಚಿದ ಬಾಗಿಲೊಳಗೆ ಎಂಟು ಹತ್ತು ಗಂಟೆ ಬೆಚ್ಚಗಿನ ತೇವ. ಸಾಮಾನ್ಯ ಬ್ರೆಡ್ ಬೂಷ್ಟು ಇದರಲ್ಲಿ ಒಂದು ವಾರ ಬಾಳದು. ಎಕ್ಸೋಫಿಯಾಲಾ ಬಾಳುತ್ತದೆ: ಕೋಶದ ಗೋಡೆಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣಕ, ಸುತ್ತ ಅದೇ ಸ್ರವಿಸಿದ ಲೋಳೆಯ ಹೊದಿಕೆ, ಅತ್ಯಲ್ಪ ಆಹಾರದಲ್ಲಿ ಬದುಕುವ ಶಕ್ತಿ, ಉಷ್ಣ 40 ದಾಟಿದರೂ ನಿಲ್ಲದ ಬೆಳವಣಿಗೆ. ಎರಡು ರೂಪವೂ ಇದಕ್ಕೆ ಗೊತ್ತು. ಯೀಸ್ಟಿನಂತೆ ಒಂಟಿ ಕೋಶವಾಗಿ ನೀರಲ್ಲಿ ತೇಲಿ ಹೋಗಬಲ್ಲದು, ಕೂತ ಕಡೆ ಎಳೆ ಬಿಟ್ಟು ಬಿಗಿಯಾಗಿ ಅಂಟಿಕೊಳ್ಳಬಲ್ಲದು. ಕೃಷಿಕರ ಮಾತಲ್ಲಿ ಹೇಳಬೇಕೆಂದರೆ ಯಂತ್ರ ಪ್ರತಿದಿನ ಕಳೆ ತೆಗೆದುಕೊಡುತ್ತಿದೆ, ಬೆಳೆಯಾಗಿ ಉಳಿದಿರುವುದು ಇದು.

ಇದು ಒಂಟಿಯಾಗಿಯೂ ಇರುವುದಿಲ್ಲ. ಇನ್ನೊಂದು ಅಧ್ಯಯನದಲ್ಲಿ 24 ಮನೆಯಂತ್ರಗಳ ರಬ್ಬರ್ ಲೋಳೆಯನ್ನು ಪರೀಕ್ಷಿಸಿದಾಗ ಕ್ಯಾಂಡಿಡಾ ಎಂಬ ಯೀಸ್ಟು ಎಲ್ಲದರಲ್ಲೂ ಇತ್ತು. ಹೊಸ ಯಂತ್ರದಲ್ಲಿ ಮೊದಲು ಬಂದು ಕೂರುವವುಗಳಲ್ಲಿ ಅದೂ ಒಂದಿರಬೇಕು ಎಂಬುದು ಆ ಸಂಶೋಧಕರ ಅಂದಾಜು. ಜೊತೆಗೆ ಸ್ಯೂಡೊಮೋನಾಸ್, ಅಸಿನೆಟೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾಗಳು. ಯಾವುದು ಎಷ್ಟು ಎಂಬುದನ್ನು ಮೂರು ಸಂಗತಿ ಬದಲಿಸುತ್ತಿದ್ದವು: ಯಂತ್ರದ ವಯಸ್ಸು, ಎಷ್ಟು ಸಲ ಓಡುತ್ತದೆ, ನೀರಿನ ಗಡಸುತನ. ಮೂರನೆಯದು ನಮಗೆ ಬೇಕಾದದ್ದು, ಅದಕ್ಕೆ ಆಮೇಲೆ ಬರೋಣ.

ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ

ಕಾಡಿನಲ್ಲಿ ಇದರ ತವರು ಉಷ್ಣವಲಯದ ಮಳೆಕಾಡು ಇರಬಹುದೆಂಬ ವಾದವಿದೆ. ಥಾಯ್ಲೆಂಡಿನಲ್ಲಿ ಕಾಡುಹಣ್ಣು, ಹಣ್ಣುತಿನ್ನುವ ಪ್ರಾಣಿಗಳ ಹಿಕ್ಕೆಯ ಸುತ್ತ ಹುಡುಕಿದವರಿಗೆ ಸಿಕ್ಕಿದೆ. ಮನುಷ್ಯ ಕಟ್ಟಿದ ಜಾಗಗಳಲ್ಲಿ ಹಬೆಸ್ನಾನದ ಕೋಣೆ, ಕ್ರಿಯೊಸೋಟ್ ಎಂಬ ಡಾಂಬರೆಣ್ಣೆ ಬಳಿದ ರೈಲ್ವೆ ಸ್ಲೀಪರುಗಳಲ್ಲಿ ಹೇರಳ. ಅಡುಗೆಮನೆಗೆ ಅದು ನಲ್ಲಿ ನೀರಿನ ಜೊತೆ ಬರುತ್ತದೆ ಎನ್ನುವುದೇ ಹೆಚ್ಚು ಸಂಭವನೀಯ ದಾರಿ, ಏಕೆಂದರೆ ಯಂತ್ರದಲ್ಲಿ ನೆಲೆಸಿದ ಮುಖ್ಯ ಜಾತಿಗಳು ನಲ್ಲಿ ನೀರಿನಲ್ಲೂ ಸಿಕ್ಕಿದವು. ಪೈಪಿನಲ್ಲಿ ಬಿಡಿಬಿಡಿಯಾಗಿ ಬರುವ ಕೋಶಗಳಿಗೆ ಯಂತ್ರ ಒಂದು ಪಾತಿ ಮಾಡಿಕೊಡುತ್ತದೆ.

ಹೊರಹೋಗುವ ದಾರಿ ಎರಡು. ಒಂದು ಕೊಳೆನೀರು: ಅದರಲ್ಲಿ ಎಕ್ಸೋಫಿಯಾಲಾ ಇತ್ತು, ಅದು ಹೋಗುವುದು ಸಿಂಕಿನ ಚರಂಡಿಗೆ. ಇನ್ನೊಂದು, ಸುತ್ತು ಮುಗಿದ ತಕ್ಷಣ ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುವ ಹಬೆ. ಅದನ್ನು ಹಿಡಿದು ಬೆಳೆಸಿದಾಗ ಎಕ್ಸೋಫಿಯಾಲಾ, ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್, ರೋಡೋಟೊರುಲಾ ಬಂದವು. ಕನ್ನಡಕದ ಮೇಲೆ ಮಂಜು ಕೂರಿಸುವ ಆ ಹಬೆಯೇ.

ಹಾಗೆಂದು ಕೈಯಲ್ಲಿ ತೊಳೆಯುವ ಅಡುಗೆಮನೆ ಗೆದ್ದಿತೆಂದಲ್ಲ. ಯಂತ್ರ ಇಲ್ಲದ ಮನೆಗಳನ್ನೂ ಅದೇ ತಂಡ ಒರೆಸಿ ನೋಡಿತ್ತು: ಅಲ್ಲೂ ಶಿಲೀಂಧ್ರ ಇಲ್ಲದ ಮನೆ ಇಲ್ಲವೆನ್ನುವಷ್ಟು. ಎರಡೂ ಕಡೆ ಅತಿ ಹೆಚ್ಚು ಇದ್ದದ್ದು ಸಿಂಕಿನ ಚರಂಡಿ ಮತ್ತು ಪಾತ್ರೆ ಬಸಿಯಲು ಇಡುವ ಸ್ಟ್ಯಾಂಡಿನಲ್ಲಿ. ವ್ಯತ್ಯಾಸ ಇದ್ದದ್ದು ಜಾತಿಯಲ್ಲಿ. ಯಂತ್ರವಿದ್ದಲ್ಲಿ ಕಪ್ಪು ಯೀಸ್ಟುಗಳ ಪಾಲು ಹೆಚ್ಚು, ಇಲ್ಲದಲ್ಲಿ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ದರ್ಬಾರು.

2021ರ ಗೊಂದಲ ಇಲ್ಲಿ ಬೇಡ

ಕನ್ನಡದಲ್ಲಿ "ಕಪ್ಪು ಶಿಲೀಂಧ್ರ" ಎಂದೊಡನೆ ನೆನಪಾಗುವುದು ಕೋವಿಡ್ ಎರಡನೇ ಅಲೆಯ ಮ್ಯೂಕರ್‌ಮೈಕೋಸಿಸ್. ಅದನ್ನು ತರುವ ಶಿಲೀಂಧ್ರ ಮೈಯಲ್ಲಿ ಕಪ್ಪಲ್ಲ. ರಕ್ತನಾಳ ಕಟ್ಟಿ ಸತ್ತ ಅಂಗಾಂಶ ಕಪ್ಪಾಗುವುದರಿಂದ ಬಂದ ಹೆಸರು ಅದು. ಆಗ ಈರುಳ್ಳಿ ಸಿಪ್ಪೆಯ ಕಪ್ಪು, ಫ್ರಿಜ್ ರಬ್ಬರಿನ ಕಪ್ಪು ಎರಡೂ ಅದೇ ಕಾಯಿಲೆಯೆಂದು ವಾಟ್ಸ್ಆ್ಯಪಿನಲ್ಲಿ ಓಡಾಡಿದ್ದನ್ನು ನಂಬಿ ಈರುಳ್ಳಿ ಎಸೆದವರಿದ್ದಾರೆ. ಈರುಳ್ಳಿಯದು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್. ಎಕ್ಸೋಫಿಯಾಲಾ ಇವೆರಡೂ ಅಲ್ಲ. ನಿಜಕ್ಕೂ ಮೈಯೆಲ್ಲ ಕಪ್ಪಾಗಿರುವುದು ಇದೇ, ಆ ಬಣ್ಣ ಮೆಲನಿನ್ನಿನದು.

ಯಾರು ಹುಷಾರಾಗಿರಬೇಕು

ಆರೋಗ್ಯವಂತರಿಗೆ ಇದರಿಂದ ಕಾಯಿಲೆ ಬಲು ಅಪರೂಪ. ಅವಕಾಶವಾದಿ ಎನ್ನುವುದು ಬೈಗುಳವಲ್ಲ, ವೈದ್ಯರ ವರ್ಗೀಕರಣ: ಬೇಲಿ ಮುರಿದ ಕಡೆ ಮಾತ್ರ ನುಗ್ಗುತ್ತದೆ. 1934ರಲ್ಲಿ ಇದನ್ನು ಮೊದಲು ವಿವರಿಸಿದ್ದು ಜಪಾನಿನಲ್ಲಿ, ಚರ್ಮದ ಕಾಯಿಲೆಯಿಂದ. ಹೆಸರಿನ "ಡರ್ಮಟೈಟಿಡಿಸ್" ಅದರ ಗುರುತು. ಪೂರ್ವ ಏಷ್ಯಾದಲ್ಲಿ ಮೆದುಳಿಗೆ ಹೋದ ಪ್ರಕರಣಗಳಿವೆ, ಕೆಲವು ಹೊರನೋಟಕ್ಕೆ ಗಟ್ಟಿಮುಟ್ಟಾದ ಎಳೆಯರಲ್ಲಿ. ಅಂಥ ಕೆಲವರಲ್ಲಿ ಕಾರ್ಡ್9 ಎಂಬ ಜೀನಿನ ಹುಟ್ಟುದೋಷ ಪತ್ತೆಯಾಗಿದೆ. ಯುರೋಪಿನಲ್ಲಿ ಮುಖ್ಯವಾಗಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸನಾಳದಲ್ಲಿ ಅಂಟುಕಫ ಕಟ್ಟುವ ಹುಟ್ಟುಕಾಯಿಲೆ) ಇರುವವರ ಕಫದಲ್ಲಿ ಕಾಣಿಸುತ್ತದೆ.

ಬೇಲಿ ಮುರಿಯುವುದು ಎಂದರೇನು ಎಂಬುದಕ್ಕೆ 2002ರ ಅಮೆರಿಕದ ನಾರ್ತ್ ಕ್ಯಾರೊಲಿನಾ ಘಟನೆ ಸಾಕು. ನೋವಿಗೆಂದು ಬೆನ್ನಿಗೆ ಕೊಡುವ ಮಿಥೈಲ್ ಪ್ರೆಡ್ನಿಸೊಲೋನ್ ಚುಚ್ಚುಮದ್ದು ತಯಾರಿಕೆಯಲ್ಲೇ ಕಲುಷಿತವಾಗಿತ್ತು. ಐವರಿಗೆ ಸೋಂಕು: ನಾಲ್ವರಿಗೆ ಮಿದುಳುಪೊರೆಯ ಉರಿಯೂತ, ಒಬ್ಬರಿಗೆ ಸೊಂಟದ ಕೀಲಿನಲ್ಲಿ. ಒಬ್ಬರು ತೀರಿಕೊಂಡರು. ಅಲ್ಲಿ ಡಿಶ್‌ವಾಷರ್ ಇರಲಿಲ್ಲ. ಬೆನ್ನುಹುರಿಯ ಹತ್ತಿರಕ್ಕೆ ಸೂಜಿ ದಾರಿ ಮಾಡಿತ್ತು, ಜೊತೆಗಿದ್ದ ಸ್ಟೆರಾಯ್ಡ್ ಅಲ್ಲಿನ ಪ್ರತಿರೋಧವನ್ನು ಕುಗ್ಗಿಸಿತ್ತು.

ಮನೆಯ ಮಟ್ಟಕ್ಕೆ ಇದನ್ನು ಇಳಿಸಿದರೆ ಗಮನ ಬೇಕಾದವರು ಇಷ್ಟು: ಸಿಸ್ಟಿಕ್ ಫೈಬ್ರೋಸಿಸ್ ಅಥವಾ ಶ್ವಾಸನಾಳ ಹಿಗ್ಗಿರುವವರು, ಕಿಮೊಥೆರಪಿಯಲ್ಲಿರುವವರು, ಅಂಗ ಕಸಿ ಆದವರು, ದೀರ್ಘಕಾಲ ಸ್ಟೆರಾಯ್ಡ್ ನುಂಗುವವರು, ಮನೆಯಲ್ಲೇ ಹೊಟ್ಟೆ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು. ಕೊನೆಯವರು ಚೀಲ ಬದಲಿಸುವುದು ಅಡುಗೆಮನೆ, ಯುಟಿಲಿಟಿಯಲ್ಲಂತೂ ಬೇಡ. ಈ ಐದೂ ಗುಂಪಿನವರು ರಬ್ಬರ್ ತೊಳೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ, ಹಬೆ ಏಳುವಾಗ ಎದುರು ನಿಲ್ಲದಿರಲಿ.

ವಾಸಿಯಾಗದ ಕೆಮ್ಮಿಗೆ ಕಫ ಪರೀಕ್ಷೆಗೆ ಹೋಗುವಾಗ ಒಂದು ವಿಷಯ ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು. ಇದು ನಿಧಾನಕ್ಕೆ ಬೆಳೆಯುವ ಜೀವಿ. ಮೂರ್ನಾಲ್ಕು ದಿನಕ್ಕೆ "ಏನೂ ಬೆಳೆದಿಲ್ಲ" ಎಂದು ತಟ್ಟೆ ಎಸೆದರೆ ಸಿಗುವುದಿಲ್ಲ. ಎರಿತ್ರಿಟಾಲ್-ಕ್ಲೋರಾಂಫೆನಿಕಾಲ್ ಅಗರ್‌ನಂಥ ಇದನ್ನೇ ಆರಿಸಿ ಬೆಳೆಸುವ ಮಾಧ್ಯಮದಲ್ಲಿ ವಾರಗಟ್ಟಲೆ ಕಾಯಬೇಕು. ಮೊದಲಿಗೆ ಡಾಂಬರಿನ ತೊಟ್ಟಿನಂತೆ ಹೊಳೆಯುವ ಕಪ್ಪು ಚುಕ್ಕೆ, ಆಮೇಲೆ ಅಂಚಿನಲ್ಲಿ ಮಖಮಲ್ಲು. ಹಳೆಯ ಕೈಗುರುತು ಈಗಲೂ ಕೆಲಸ ಮಾಡುತ್ತದೆ: 40 ಡಿಗ್ರಿಯಲ್ಲಿ ಬೆಳೆದು, ನೈಟ್ರೇಟ್ ಬಳಸದಿದ್ದರೆ ಇದು, ನೈಟ್ರೇಟ್ ಬಳಸಿ 40ರಲ್ಲಿ ಬೆಳೆಯದಿದ್ದರೆ ಅದರ ದಾಯಾದಿ ಎಕ್ಸೋಫಿಯಾಲಾ ಜೀನ್ಸೆಲ್ಮೈ. ಚಿಕಿತ್ಸೆ ವೊರಿಕೊನಜೋಲ್, ಪೊಸಕೊನಜೋಲ್ ಗುಂಪಿನದು, ತಜ್ಞರ ಕೈಯಲ್ಲಿ.

ರಬ್ಬರ್ ತೊಳೆಯುವ ಕ್ರಮ

ಯಂತ್ರ ತಣ್ಣಗಿರುವಾಗ, ಪ್ಲಗ್ ಕಿತ್ತು ಅಥವಾ ಎಂಸಿಬಿ ಇಳಿಸಿ. ಕೈಗವಸು, ಎನ್95 ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಒಣಗಿದ ಲೋಳೆಯನ್ನು ಬ್ರಷ್ಷಿನಿಂದ ಕೆರೆಯುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಅದು ಪುಡಿಯಾಗಿ ಗಾಳಿಗೆ ಏಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಬೆರೆಸಿದ ಬೆಚ್ಚನೆ ನೀರಿನಲ್ಲಿ ಬಟ್ಟೆ ಅದ್ದಿ ಮಡಿಕೆಗೆ ಒತ್ತಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಹಳೆ ಟೂತ್‌ಬ್ರಷ್‌ನಿಂದ ಒಂದೇ ದಿಕ್ಕಿಗೆ ಎಳೆಯುತ್ತ ಒರೆಸಿ ತೆಗೆಯಿರಿ. ಮೇಲ್ಭಾಗಕ್ಕಿಂತ ಕೆಳಮೂಲೆಗಳಲ್ಲಿ, ಬಾಗಿಲ ಕೆಳಅಂಚಿನ ರಬ್ಬರ್ ತುಟಿಯಲ್ಲಿ ಹೆಚ್ಚು ಕೂತಿರುತ್ತದೆ. ಅಲ್ಲಿಗೆ ಟೂತ್‌ಬ್ರಷ್ ಹೋಗದಿದ್ದರೆ ಚಮಚದ ಹಿಡಿಗೆ ಬಟ್ಟೆ ಸುತ್ತಿ.

ಲೋಳೆ ಹೋದ ಮೇಲೆಯೇ ಸೋಂಕುನಾಶಕ. ಲೋಳೆಯ ಮೇಲೆ ಸುರಿದದ್ದು ಮೇಲ್ಪದರದಲ್ಲೇ ಮುಗಿಯುತ್ತದೆ. 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡು ಸಲ ಒರೆಸಬಹುದು, ಹತ್ತಿರ ಒಲೆ ಉರಿಯದಿರಲಿ. ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಸಿಗುವ 6 ಪ್ರತಿಶತ (20 ವಾಲ್ಯೂಮ್) ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಸೇರಿಸಿ, ಒದ್ದೆ ಬಟ್ಟೆಯಾಗಿ ಹತ್ತು ನಿಮಿಷ ಇಟ್ಟು ಒರೆಸಿ. ಬ್ಲೀಚ್ ಬೇಡ. ಅದರ ಕ್ಲೋರೈಡ್ ಸ್ಟೀಲ್ ತೊಟ್ಟಿಯಲ್ಲಿ ಸೂಜಿಮೊನೆಯಂಥ ತೂತು ಕೊರೆಯುತ್ತದೆ, ಸುಣ್ಣ ಕರಗಿಸುವ ಹುಳಿ ಡೀಸ್ಕೇಲರ್ ಅಥವಾ ವಿನೆಗರ್ ಉಳಿದಿದ್ದರೆ ಕ್ಲೋರಿನ್ ಅನಿಲವೇ ಏಳುತ್ತದೆ. ವಾರವಾರ ವಿನೆಗರ್ ಹಾಕಿ ಓಡಿಸುವ ಸಲಹೆಯೂ ಕೆಟ್ಟದ್ದೇ. ರಬ್ಬರ್ ಬಿರುಸಾಗಿ ಸೀಳಿದರೆ ಶಿಲೀಂಧ್ರಕ್ಕೆ ಇನ್ನಷ್ಟು ಸಂದಿ ಸಿಕ್ಕಂತೆ.

ತಳದ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿ, ಜಾಲರಿ ಬೇರ್ಪಡಿಸಿ ತೊಳೆಯಿರಿ. ಅದರಡಿಯ ಗುಂಡಿಯಲ್ಲಿ ಸದಾ ಸ್ವಲ್ಪ ನೀರು ನಿಲ್ಲುವುದು ಸಹಜ; ಸಾಸಿವೆ, ಕರಿಬೇವಿನ ದಂಟು, ನೀರಾಗಿ ಹರಿದು ಆರಿ ಗಟ್ಟಿಯಾದ ತುಪ್ಪ ನಿಲ್ಲುವುದು ಸಹಜವಲ್ಲ. ನೀರು ಚಿಮ್ಮುವ ರೆಕ್ಕೆಗಳ ತೂತು ಕಟ್ಟಿದ್ದರೆ ಟೂತ್‌ಪಿಕ್ ಸಾಕು. ಕೊನೆಗೆ ಪಾತ್ರೆ ಇಲ್ಲದೆ, ಡಿಟರ್ಜೆಂಟ್ ಹಾಕಿ, ಅತಿ ಬಿಸಿ ಪ್ರೋಗ್ರಾಂ ಒಂದು ಸಲ ಓಡಿಸಿ. ಆಲ್ಕೋಹಾಲ್ ಬಳಸಿದ್ದರೆ ಪೂರ್ತಿ ಆರಿದ ಮೇಲೆಯೇ ಕರೆಂಟ್ ಕೊಡಬೇಕು.

ಬಳಿದ ಕಪ್ಪು ಎಲ್ಲ ಹೋಗದೆ ಇರಬಹುದು. ಕೋಶ ಸತ್ತರೂ ಮೆಲನಿನ್ ಕಲೆ ರಬ್ಬರಿನಲ್ಲಿ ಉಳಿಯುತ್ತದೆ. ಟಿಶ್ಯೂಗೆ ಹತ್ತದ ಕಲೆಯನ್ನು ತಿಕ್ಕಿ ತಿಕ್ಕಿ ರಬ್ಬರ್ ಹಾಳು ಮಾಡಬೇಡಿ.

ದಿನನಿತ್ಯದ ಅಭ್ಯಾಸದಲ್ಲಿ ಮುಖ್ಯವಾದದ್ದು ಬಾಗಿಲು. ಮುಗಿದ ಕೂಡಲೇ ತೆರೆದರೆ ಹಬೆ. ತೆರೆಯದೆ ಬಿಟ್ಟರೆ ಇಡೀ ರಾತ್ರಿ ತೇವ. ಅರ್ಧ ಗಂಟೆ ಕಾದು, ಕಿಟಕಿ ಇಲ್ಲವೇ ಚಿಮಣಿ ತೆರೆದಿಟ್ಟು, ಬಾಗಿಲನ್ನು ಪೂರ್ತಿ ತೆಗೆಯಿರಿ. ಗ್ಯಾಸ್ಕೆಟ್ಟಿನ ಮೇಲೆ ಒಣಬಟ್ಟೆ ಒಂದು ಸುತ್ತು ಹೋಗಲಿ. ಜಿರಲೆ ಹೊಗುತ್ತದೆಂದು ತಕ್ಷಣ ಬಿಗಿಯುವವರು ಎರಡು ಮೂರು ಗಂಟೆ ಒಣಗಲು ಬಿಟ್ಟು ಆಮೇಲೆ ಮುಚ್ಚಬಹುದು. ತಾನಾಗಿ ಬಾಗಿಲು ತೆರೆದುಕೊಳ್ಳುವ ಯಂತ್ರವಿದ್ದು ಮನೆಯಲ್ಲಿ ಶ್ವಾಸಕೋಶದ ರೋಗಿ ಇದ್ದರೆ ಆ ಸೌಲಭ್ಯವನ್ನು ಆಫ್ ಮಾಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಯಂತ್ರವನ್ನು ಯುಟಿಲಿಟಿಯಲ್ಲಿ ಇಡುವ ರೂಢಿ ಈ ಒಂದು ವಿಷಯಕ್ಕೆ ಅನುಕೂಲವೇ.

ಬೋರ್ ನೀರಿನ ಮನೆಗಳಿಗೆ

ಗಡಸು ನೀರು ಬಿಟ್ಟುಹೋಗುವ ಸುಣ್ಣದ ಪದರ ನುಣುಪಾದ ರಬ್ಬರನ್ನು ಉಪ್ಪುಕಾಗದದಂತೆ ಒರಟು ಮಾಡುತ್ತದೆ. ಲೋಳೆ ಹಿಡಿಯುವುದಕ್ಕೆ ಅದೇ ಹಿಡಿಕೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 600. ಕುಡಿಯಲು ನಡೆಯುವ ಆ ನೀರು ಯಂತ್ರಕ್ಕೆ ಆಗಲೇ ಭಾರ. ಯಂತ್ರದ ಕೈಪಿಡಿ ಸಾಮಾನ್ಯವಾಗಿ ಜರ್ಮನ್ ಡಿಗ್ರಿಯಲ್ಲಿ ಬರೆದಿರುತ್ತದೆ: ಒಂದು ಡಿಗ್ರಿಗೆ 17.8 ಮಿಲಿಗ್ರಾಂ, ಹಾಗಾಗಿ 300 ಮಿಲಿಗ್ರಾಂ ಎಂದರೆ ಸುಮಾರು 17 ಡಿಗ್ರಿ. ಇದನ್ನು ಟಿಡಿಎಸ್ ಮೀಟರಿನಲ್ಲಿ ಅಳೆಯಲಾಗದು, ಅದು ಅಡಿಗೆ ಉಪ್ಪನ್ನೂ ಸುಣ್ಣವನ್ನೂ ಒಂದೇ ಎಂದು ಎಣಿಸುತ್ತದೆ. ಗಡಸುತನದ ಪಟ್ಟಿ ಅಥವಾ ಹನಿ ಎಣಿಸುವ ಕಿಟ್ ತರಬೇಕು. ಕಾವೇರಿ ಬರುವ ದಿನ ಒಂದು ಸಲ, ಟ್ಯಾಂಕರ್ ಅಥವಾ ಬೋರ್ ಏರಿಸಿದ ದಿನ ಒಂದು ಸಲ ನೋಡಿ, ಹೆಚ್ಚಿರುವ ಲೆಕ್ಕಕ್ಕೆ ಯಂತ್ರದ ಸಾಫ್ಟನರ್ ಹೊಂದಿಸಿ. ಉಪ್ಪು ಡಿಶ್‌ವಾಷರಿನ ದಪ್ಪ ಉಪ್ಪೇ ಆಗಬೇಕು. ಅಡುಗೆಯ ಪುಡಿಯುಪ್ಪು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ತುಂಬುವಾಗ ಚೆಲ್ಲಿದರೆ ಒಡನೆ ಒಂದು ಸುತ್ತು ಓಡಿಸಿ, ಉಪ್ಪುನೀರು ಸ್ಟೀಲಿನ ಮೇಲೆ ನಿಲ್ಲಬಾರದು.

ನಾಲ್ಕು ವಾರ ಬಿಟ್ಟು ಮತ್ತೆ ಟಿಶ್ಯೂ ಎಳೆಯಿರಿ. ಉದ್ದಕ್ಕೂ ತೆಳುವಾಗಿ ಮರಳಿದ್ದರೆ ಒಣಗಿಸುವುದು ಸಾಲದು. ಒಂದೇ ಮೂಲೆಯಲ್ಲಿ ದಟ್ಟವಾಗಿ ಬಂದಿದ್ದರೆ ಯಂತ್ರ ಆ ಕಡೆಗೆ ವಾಲಿರುತ್ತದೆ, ಮಡಿಕೆಯಲ್ಲಿ ನೀರು ಅಲ್ಲೇ ತಂಗುತ್ತಿದೆ. ರಸಮಟ್ಟ ಇಟ್ಟು ಮುಂದಿನ ಕಾಲುಗಳ ತಿರುಪು ಸರಿಮಾಡಿ. ರಬ್ಬರ್ ಸೀಳಿದ್ದರೆ, ಬೆರಳಿಗೆ ಗುಳಿಗುಳಿ ಸಿಕ್ಕರೆ ತೊಳೆಯುವುದು ದಂಡ: ಮಾಡೆಲ್ ಸಂಖ್ಯೆ ಕೊಟ್ಟು ಹೊಸದು ತರಿಸಿ, ಹಳೆಯದನ್ನು ಕಾಲುವೆಯಿಂದ ಎಳೆದು ತೆಗೆದು, ಆ ಕಾಲುವೆಯನ್ನೂ ಮೇಲೆ ಹೇಳಿದಂತೆ ತೊಳೆದು ಒಣಗಿಸಿ, ಹೊಸದರ ಮಧ್ಯಭಾಗವನ್ನು ಬಾಯಿಯ ಮೇಲಂಚಿನ ನಡುವಿಗೆ ಒತ್ತಿ ಅಲ್ಲಿಂದ ಎರಡೂ ಬದಿಗೆ ಸಮನಾಗಿ ಕೂರಿಸುತ್ತ ಇಳಿಯಿರಿ. ಎಳೆದು ಹಿಗ್ಗಿಸಿದರೆ ಕೆಳಗೆ ಉದ್ದ ಮಿಕ್ಕಿ ಸುಕ್ಕಾಗುತ್ತದೆ, ಆ ಸುಕ್ಕಿನಲ್ಲಿ ಮತ್ತೆ ನೀರು ನಿಲ್ಲುತ್ತದೆ.